ಕೊಟ್ಟ ಮಗಳ ಠಾವು

ಶಹಾಬಾದಿನ ಹಳೆ ಚೌಕದಲ್ಲಿ ಯಾರ ಠಾವಿಗೂ ಕಾಗದಪತ್ರವಿರಲಿಲ್ಲ. ಅತ್ತೆ ಕುಳಿತ ಹಾಸುಗಲ್ಲಿನ ಮೇಲೆ ಸೊಸೆ ಬಂದು ಕುಳಿತಳು, ಕಲ್ಲು ಇನ್ನಷ್ಟು ನುಣುಪಾಯಿತು, ಅಷ್ಟೇ ದಾಖಲೆ. ಕಮಾನಿನ ಕೆಳಗೆ ಬಳೆಯವರು, ಅವರಾಚೆ ಮೆಣಸಿನಕಾಯಿಯವರು, ಬೇವಿನ ಮರದ ಸುತ್ತ ಕಾಯಿಪಲ್ಯದವರು, ಮೂಲೆಯಲ್ಲಿ ನೀರಿನ ಹೌದಿನ ಪಕ್ಕ ಮೀನಿನ ಸಾಲು. ಒಬ್ಬಳ ಮುಂದೆ ಬಾಗಿದ ಗಿರಾಕಿಯನ್ನು ಇನ್ನೊಬ್ಬಳು ಕೂಗಿ ಕರೆಯುವಂತಿಲ್ಲ. ಬೋಣಿ ಆಗದವಳ ಹತ್ತಿರ ಚಿಲ್ಲರೆ ಕೇಳುವಂತಿಲ್ಲ. ಮನೆಯಲ್ಲಿ ಸಾವಾದರೆ ಮೀನಿನವರು ಸೂತಕ ಕಳೆಯುವ ತನಕ ತಕ್ಕಡಿ ಮುಟ್ಟುವಂತಿಲ್ಲ; ಆ ದಿನಗಳಲ್ಲಿ ಪಕ್ಕದವರು ಅವರ ಬುಟ್ಟಿಯನ್ನು ಠಾವಿನ ಮೇಲೆ ಬೋರಲು ಹಾಕಿಡುತ್ತಾರೆ. ಬೋರಲು ಬುಟ್ಟಿ ಕಂಡಲ್ಲಿ ಸಂತೆಯ ದಿನ ಎಷ್ಟು ನೂಕುನುಗ್ಗಲಿದ್ದರೂ ಯಾರೂ ಕಾಲಿಡುವುದಿಲ್ಲ. ನಾಯಿ ಬಂದು ಮಲಗಿದರೆ ಅದನ್ನೂ ಎಬ್ಬಿಸಿ ಓಡಿಸುತ್ತಾರೆ.

ಹೌದಿಗೆ ಹತ್ತಿದ ಠಾವು ಬಸ್ಸಮ್ಮನದು. ಕಾಗಿಣಾ ನದಿಯ ಮೀನು ತಂದು ಅಲ್ಲಿ ಕುಳಿತೇ ಅವಳು ಗಂಡ ಅಣವೀರನ ಕುಡಿತ ಸಹಿಸಿದ್ದು, ಮಕ್ಕಳನ್ನು ಸಾಕಿದ್ದು, ಮಗಳು ಜಯಮಾಲಾಳನ್ನು ವಾಡಿಗೆ ಕೊಟ್ಟಿದ್ದು. ವಾಡಿಯ ಅಳಿಯ ಇನ್ನೊಬ್ಬಳನ್ನು ಮನೆಗೆ ತಂದ. ಜಯಮಾಲಾ ಒಂದು ಟ್ರಂಕು ಹಿಡಿದು ತವರಿಗೆ ವಾಪಸು ಬಂದಳು. ಅದೇ ವರ್ಷ ಬಸ್ಸಮ್ಮನ ಮೊಣಕಾಲು ಕೈಕೊಟ್ಟವು. ಅಂದಿನಿಂದ ಠಾವಿನಲ್ಲಿ ಮಗಳು, ಮನೆಯಲ್ಲಿ ಅವ್ವ. ಅಣವೀರ ಸತ್ತ ಮೇಲೂ ಮನೆಯ ಒಲೆ ಒಂದು ಹೊತ್ತೂ ತಣ್ಣಗಾಗದಿದ್ದದ್ದು ಜಯಮಾಲಾಳ ದುಡಿಮೆಯಿಂದ ಎಂಬುದು ಓಣಿಗೆಲ್ಲ ಗೊತ್ತಿತ್ತು.

ಒಂದು ಸಂಜೆ ಜಯಮಾಲಾ ಬಚ್ಚಲ ಕಲ್ಲಿನ ಮೇಲೆ ಕುಳಿತು ಬೂದಿ, ನಿಂಬೆ ಸಿಪ್ಪೆ ಹಾಕಿ ಕೈ ತಿಕ್ಕುತ್ತ ಹೇಳಿದಳು:

"ಅವ್ವಾ, ಇವತ್ತ ಮುನ್ಸಿಪಾಲ್ಟಿಯವ್ರು ಆಟೋಕ್ಕ ಮೈಕ್ ಹಚ್ಚಿ ಒದರಿಕೋತ ಬಂದಿದ್ರು. ಚೌಕೆಲ್ಲಾ ಕಿತ್ತು ಹೊಸಾದು ಕಟ್ತಾರಂತ. ಮ್ಯಾಲ ತಗಡಿನ ಶೀಟು, ಕೆಳಗ ಕಟ್ಟಿ, ಕಟ್ಟಿಗೊಂದು ನಂಬರು."

"ನಮ್ಮ ಕಲ್ಲು?"

"ಕಿತ್ತು ಒಗೀತಾರ. ಸರ್ವೆಕ್ಕ ಬಂದಾಗ ಯಾರು ತಮ್ಮ ಠಾವಿನಾಗ ಕುಂತಿರ್ತಾರೋ ಅವರ ಫೋಟೋ ಹೊಡ್ಕೊಂಡು ಅವರಿಗೇ ಕಟ್ಟಿ ಕೊಡ್ತಾರಂತ. ಇರಲಾರದವ್ರಿಗೆ ಇಲ್ಲ."

"ಯಾವತ್ತ ಬರ್ತಾರಂತ?"

"ಅದು ಹೇಳಂಗಿಲ್ಲಂತ. ಹೇಳಿದ್ರ ಊರ ಮಂದೆಲ್ಲಾ ಬುಟ್ಟಿ ಹೊತ್ಕೊಂಡು ಬಂದು ಕುಂದರ್ತಾರಲ್ಲ!"

ಬಸ್ಸಮ್ಮ ಮೊಣಕಾಲಿಗೆ ಎಣ್ಣೆ ಹಚ್ಚುತ್ತ, "ಮತ್ತ ಚಿಂತಿ ಏನು? ಕುಂದ್ರಾಕಿ ನೀ, ಫೋಟೋನೂ ನಿಂದೇ" ಎಂದಳು.

ಮಾತು ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಮಗ ಅಂಬರೇಶ ಅದನ್ನೇ ಎತ್ತಿದ. ಅವನು ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಕಲ್ಲಿನ ಧೂಳು ಎದೆಗಿಳಿದು, ರೊಟ್ಟಿಯ ಎರಡು ತುತ್ತಿಗೊಮ್ಮೆ ಕೆಮ್ಮುತ್ತಿದ್ದ.

"ಅವ್ವಾ, ಕಟ್ಟಿ ಸುಶ್ಮಿತಾನ ಹೆಸರಿಗಾದ್ರ ಛಲೋ. ನಾಳಿ ನಂಗೇನರ ಆದ್ರ ಅಕಿಗೂ ಕೂಸಿಗೂ ಏನರ ಒಂದು ಇರಬೇಕಲ್ಲ?"

ಜಯಮಾಲಾ ತಮ್ಮನ ತಾಟಿಗೆ ಸಾರು ಹಾಕುತ್ತಿದ್ದವಳು ಹುಟ್ಟು ಅಲ್ಲೇ ಹಿಡಿದಳು. "ನಿನ್ನ ಹೆಣ್ತಿ ಮೀನಿನ ಬುಟ್ಟಿ ಮುಟ್ಯಾಳೇನು? ನನ್ನ ಸೀರಿ ಹಗ್ಗದ ಮ್ಯಾಲಿದ್ರ ತನ್ನ ಬಟ್ಟಿ ಬ್ಯಾರೆ ಹಾಕ್ತಾಳ. ತಿನ್ನಾಕ ಬೇಕು, ಮಾರಾಕ ನಾಚಿಕಿ!"

ಸುಶ್ಮಿತಾ ಚಿತ್ತಾಪುರದ ಹುಡುಗಿ, ಪಿಯುಸಿ ಓದಿದವಳು. ಕೂಸಿಗೆ ಮೀನಿನ ಮುಳ್ಳು ಬಿಡಿಸಿ ತಿನ್ನಿಸುತ್ತ ತಲೆ ಎತ್ತದೆ ಹೇಳಿದಳು: "ನಾಚಿಕಿ ಅಲ್ಲ ಅಕ್ಕಾ. ನಾ ಹಗ್ಗಕ್ಕ ಹಾಕಿದ್ದು ಮಂದಿ ಬ್ಲೌಸು. ಹೊಲ್ಯಾಕ ಕೊಟ್ಟವ್ರು ವಾಸನಿ ಬಂದ್ರ ಹೊಳ್ಳಿ ಕೊಡ್ತಾರೇನು?"

"ಏ, ಉಣ್ಣೂ ಹೊತ್ತಿನ್ಯಾಗ ಬ್ಯಾಡ ಸುಮ್ನಿರ್ರಿ" ಎಂದಳು ಬಸ್ಸಮ್ಮ. "ಯಾರ ಹೆಸರಿಗಾದ್ರೇನು, ಮನಿ ಒಂದೇ ಅಲ್ಲೇನು? ನೋಡೂಣು."

ಮಗಳಿಗೆ ಹೂಂ ಅಂದವಳು ಮಗನಿಗೆ ನೋಡೋಣ ಅಂದಳು. ಇಬ್ಬರೂ ತಮ್ಮ ಮಾತೇ ಗೆದ್ದಿತು ಅಂದುಕೊಂಡು ಕೈತೊಳೆದರು.

ಮರುದಿನದಿಂದ ಜಯಮಾಲಾ ಚೌಕ ಬಿಟ್ಟು ಅಲ್ಲಾಡಲಿಲ್ಲ. ಮಧ್ಯಾಹ್ನದ ರೊಟ್ಟಿಯನ್ನೂ ಠಾವಿನಲ್ಲೇ ಉಂಡಳು. ಪಕ್ಕದಲ್ಲಿ ಹಸಿಶುಂಠಿ, ಬೆಳ್ಳುಳ್ಳಿ ಮಾರುವ ಲಾಲ್ ಅಹ್ಮದ್ ನಗುತ್ತಿದ್ದ. "ಜಯಮಾಲಾ, ಜರಾ ಎದ್ದು ಹೋಗಿ ಚಾ ಕುಡದು ಬಾರಮ್ಮಾ. ನಿನ್ನ ಕಲ್ಲು ನಾ ಹೊತ್ಕೊಂಡು ಹೋಗಂಗಿಲ್ಲ."

"ನಿಮ್ಮ ಮ್ಯಾಲ ನಂಬಿಕಿ ಅದ ಚಾಚಾ, ಸರ್ವೆಯವ್ರ ಮ್ಯಾಲ ಇಲ್ಲ."

ಹೀಗೆ ಎರಡು ಸಂತೆ ಕಳೆದವು. ಮೂರನೆಯ ಸಂತೆ ಇನ್ನೂ ಬರುವ ಮೊದಲೇ, ಒಂದು ಬೆಳಿಗ್ಗೆ ಭಂಕೂರದಿಂದ ಫೋನು ಬಂತು. ಅಣವೀರನ ತಮ್ಮ ಅಂಬರಾಯ ತೀರಿಕೊಂಡಿದ್ದ.

ಅಂಬರಾಯನಿಗೂ ಈ ಮನೆಗೂ ಮಾತಿರಲಿಲ್ಲ. ಅಣ್ಣತಮ್ಮಂದಿರು ಬೇರೆಯಾಗುವಾಗ ಒಂದು ದೊಡ್ಡ ಬಲೆ ಯಾರಿಗೆ ಎಂದು ಜಗಳ ಹತ್ತಿ, ಕೊನೆಗೆ ಆ ಬಲೆಯನ್ನು ಕುಡುಗೋಲಿನಿಂದ ಎರಡು ತುಂಡು ಮಾಡಿ ಹಂಚಿಕೊಂಡಿದ್ದರು. ತುಂಡು ಬಲೆಯಲ್ಲಿ ಇಬ್ಬರೂ ಮೀನು ಹಿಡಿಯಲಿಲ್ಲ. ಅಣವೀರನ ಮಣ್ಣಿಗೆ ಅಂಬರಾಯ ಬಂದಿದ್ದ, ದೂರ ನಿಂತು ಹೋಗಿದ್ದ. ಬಸ್ಸಮ್ಮ ಅವನಿಗೆ ನೀರು ಬೇಕೇ ಎಂದೂ ಕೇಳಿರಲಿಲ್ಲ.

ಈಗ ಅವಳು ಫೋನು ಕೆಳಗಿಟ್ಟು ದೊಡ್ಡ ದನಿಯಲ್ಲಿ ಅತ್ತಳು. ಅತ್ತು ಮುಗಿದ ಮೇಲೆ, ಬುಟ್ಟಿ ಎತ್ತಿಕೊಂಡು ಹೊರಟಿದ್ದ ಮಗಳನ್ನು ತಡೆದಳು.

"ಎಲ್ಲಿಗಿ ಹೊಂಟಿದಿ? ಸೂತಕ ಬಂದದ ಮನಿಗಿ."

"ಅವ್ವಾ, ಮಣ್ಣಿಗಿ ಬರ್ತೀನಿ. ಮಣ್ಣು ಮುಗದ ಕೂಡ್ಲೇ ಚೌಕಕ್ಕ ಹೋಗ್ತೀನಿ. ಸರ್ವೆ ಇವತ್ತೋ ನಾಳೆಯೋ ಬರ್ತದ."

"ಸೂತಕದ ಕೈಲೆ ತಕ್ಕಡಿ ಹಿಡೀತೀದೇನು? ಮಂದಿ ಏನಂತಾರ?"

"ನಾ ಕೊಟ್ಟ ಮಗಳು ಅವ್ವಾ. ನಿಮ್ಮ ಮನಿ ಸೂತಕ ನಂಗ ಎಲ್ಲೀದು? ವಾಡ್ಯಾಗ ನಮ್ಮತ್ತಿ ಸತ್ತಾಗ ಆ ಸೂತಕ ನಾ ಹಿಡದಿಲ್ಲೇನು? ಕೊಟ್ಟಾಕಿ ಒಂದು ಸಲ ಮೈ ತೊಕ್ಕೊಂಡ್ರ ಮುಗೀತು, ಅದು ನೀನೇ ಹೇಳಿದ್ದು."

ಖರೆ ಹೇಳಬೇಕೆಂದರೆ ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಓಣಿಯ ಯಾವ ಹಿರಿಯಳನ್ನು ಕೇಳಿದ್ದರೂ ಹೌದು ಎನ್ನುತ್ತಿದ್ದಳು. ಆದರೆ ಬಸ್ಸಮ್ಮನಿಗೆ ಬದುಕಿದ್ದ ಮೈದುನನಿಗೆ ಮಾಡದೆ ಬಿಟ್ಟಿದ್ದನ್ನೆಲ್ಲ ಸತ್ತವನಿಗೆ ಒಮ್ಮೆಲೇ ಮಾಡಿ ಮುಗಿಸುವ ಹಟ ಬಂದಿತ್ತು.

"ಕೊಟ್ಟ ಮಗಳಂತ! ಯಾವ ಗಂಡನ ಮನಿ ಅದ ನಿಂಗ? ಯಾರ ಗಡಗ್ಯಾಂದು ಉಣ್ಣಾಕತ್ತೀದಿ? ಈ ಮನಿ ಅನ್ನ ಉಂಡಾಕಿಗಿ ಈ ಮನಿ ಸೂತಕನೂ ಅದ. ನೀ ಈ ಮನಿ ಮಗಳು. ಬುಟ್ಟಿ ಇಳಸು."

"ಅವ್ವಾ, ಠಾವು ಹೋಗ್ತದ."

"ಬೋರಲು ಬುಟ್ಟಿ ಇದ್ದದ್ದು ಯಾರು ಮುಟ್ಟ್ಯಾರ ಇಲ್ಲೀತನ? ನಿಮ್ಮಪ್ಪ ಸತ್ತಾಗ ಹೋಗಿತ್ತೇನು? ಲಾಲ್ ಅಹ್ಮದಗ ಹೇಳು, ಹಾಕಿಡ್ತಾನ."

ಜಯಮಾಲಾ ಬುಟ್ಟಿ ಇಳಿಸಿದಳು. ಲಾಲ್ ಅಹ್ಮದನಿಗೆ ಫೋನು ಮಾಡಿ, ಸಾಲಿನಲ್ಲಿಟ್ಟಿದ್ದ ಇನ್ನೊಂದು ಹಳೆ ಬುಟ್ಟಿಯನ್ನು ಬೋರಲು ಹಾಕಲು ಹೇಳಿದಳು. "ಹಾಕ್ತೀನಿ ಬೇಟಿ. ಆದ್ರ ನೀ ಜಲ್ದಿ ಬಾ" ಎಂದ ಅವನು.

ಮೂರನೆಯ ದಿನದ ಕಾರ್ಯಕ್ಕೆ ಬಸ್ಸಮ್ಮ, ಜಯಮಾಲಾ, ಅಂಬರೇಶ ಭಂಕೂರಕ್ಕೆ ಹೋದರು. ಕೂಸಿಗೆ ಜ್ವರ ಬಂದಿದ್ದರಿಂದ ಸುಶ್ಮಿತಾ ಮನೆಯಲ್ಲಿ ಉಳಿದಳು. ಅಲ್ಲಿ ಹೆಂಗಸರ ನಡುವೆ ಕುಳಿತಾಗ ಜಯಮಾಲಾಳ ಫೋನು ಒಮ್ಮೆ ಹೊಡೆದುಕೊಂಡಿತು. ಅಂಬರಾಯನ ಹೆಂಡತಿ ತಿರುಗಿ ನೋಡಿದಳು.

"ಸತ್ತವ್ರ ಮನ್ಯಾಗ ಅದೆಂಥಾ ಪೆಪ್ಪೆಪ್ಪೆ! ಬಂದ್ ಮಾಡದನ್ನ" ಎಂದು ಬಸ್ಸಮ್ಮ ಗದರಿದಳು. ಜಯಮಾಲಾ ಯಾರ ಫೋನು ಎಂದು ನೋಡುವ ಮೊದಲೇ ಅವ್ವ ಅದನ್ನು ಕಸಿದು, ಗುಂಡಿ ಒತ್ತಿ, ತನ್ನ ಉಡಿಯಲ್ಲಿ ಕಟ್ಟಿಕೊಂಡಳು.

ಸಂಜೆ ಮನೆಗೆ ಬಂದಾಗ ಸುಶ್ಮಿತಾ ತಲೆ ಮೇಲೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಟವೆಲ್ ಸುತ್ತಿ ಒಲೆಯ ಮುಂದೆ ಇದ್ದಳು. ಎಲ್ಲರಿಗೂ ಚಹಾ ಕೊಟ್ಟು, ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಅತ್ತಿ, ಬೈಬ್ಯಾಡ್ರಿ. ನಾ ಇವತ್ತ ಚೌಕಕ್ಕ ಹೋಗಿ ಬಂದೀನ್ರಿ."

"ಯಾಕ?"

"ಸರ್ವೆ ಬಂದಿತ್ರಿ. ಲಾಲ್ ಅಹ್ಮದ್ ಚಾಚಾ ಅಕ್ಕಗ ಫೋನ್ ಹಚ್ಚಿದ್ರಂತ, ಹತ್ತಲಿಲ್ಲಂತ. ಆಮ್ಯಾಲ ನಂಗ ಹಚ್ಚಿದ್ರು. ಕೂಸಿನ್ನ ಬಾಜು ಮನ್ಯಾಗ ಬಿಟ್ಟು ಓಡೀನ್ರಿ. ಚಾಚಾ ಅವರ ಜೋಡಿ ವಾದಾ ಹಾಕಾಕತ್ತಿದ್ರು, ಇದು ಬಸ್ಸಮ್ಮನ ಠಾವು, ಬುಟ್ಟಿ ಬೋರಲದ ಅಂದ್ರ ಮನ್ಯಾಗ ಸಾವಾಗ್ಯದ ಅಂತ ಅರ್ಥ ಅಂತ. ಆ ಸರ್ವೆ ಹುಡುಗ ನಕ್ಕೋತ, 'ಬುಟ್ಟಿದು ಫೋಟೋ ಹೊಡೀಲೇನ್ರಿ? ಬುಟ್ಟಿಗಿ ಆಧಾರ್ ಕಾರ್ಡ್ ಅದ ಏನ್ರಿ?' ಅಂದ. ಖಾಲಿ ಅಂತ ಬರಿಯಾಕ ಹೊಂಟಿದ್ದ. ನಾ ಬುಟ್ಟಿ ಹೊಳ್ಳಿಸಿ ಕುಂತ್ಬಿಟ್ಟೀನಿ."

"ಸೂತಕದಾಗ?" ಬಸ್ಸಮ್ಮ ಚಹಾದ ಬಟ್ಟಲು ಕೆಳಗಿಟ್ಟಳು. "ಸೂತಕದಾಗ ಬುಟ್ಟಿ ಹೊಳ್ಳಿಸಿದೇನು?"

"ಹೊಳ್ಳಸ್ಲಿಲ್ಲಂದ್ರ ಠಾವು ಹೋಗ್ತಿತ್ರಿ. ಬಂದು ಮೈ ತೊಕ್ಕೊಂಡೀನಿ."

ಬಸ್ಸಮ್ಮನಿಗೆ ಬಯ್ಯಬೇಕೋ, ಸೊಸೆಯ ಕೈ ಹಿಡಿದುಕೊಳ್ಳಬೇಕೋ ತಿಳಿಯಲಿಲ್ಲ. ಜಯಮಾಲಾ ಮಾತ್ರ ಕೇಳಬೇಕಾದ್ದನ್ನೇ ಕೇಳಿದಳು:

"ಯಾರ ಹೆಸರು ಬರಸಿದಿ?"

"ನಂದೇ ಅಕ್ಕಾ. ಫೋಟೋದಾಗ ನಾ ಇದ್ದೆ. ನಿಮ್ಮ ಹೆಸರು ಹೇಳೀನಿ, ಇದ್ದವ್ರದು ಬರಸ್ರಿ ಅಂದ್ರು."

ಜಯಮಾಲಾ ಮರುದಿನವೇ ಮುನ್ಸಿಪಾಲ್ಟಿ ಆಫೀಸಿಗೆ ಹೋದಳು. ಅಲ್ಲಿಯವರು ಮರ್ಯಾದೆಯಿಂದಲೇ ಹೇಳಿದರು: ಹೆಸರು ಬದಲಿಸಬಹುದು, ಆದರೆ ಯಾರ ಹೆಸರಿದೆಯೋ ಅವರೇ ಬಂದು ಸಹಿ ಮಾಡಿ ಬಿಟ್ಟುಕೊಡಬೇಕು. ಕಟ್ಟೆ ಹಂಚುವ ತನಕ ವೇಳೆ ಇದೆ.

"ಒಂದು ಸಹಿ" ಎಂದಳು ಮನೆಗೆ ಬಂದು. "ಸುಶ್ಮಿತಾ, ಒಂದು ಸಹಿ ಮಾಡವ್ವ. ಠಾವು ಉಳಿಸಿದ್ದು ನೀನೇ, ನಾ ಇಲ್ಲನ್ನಂಗಿಲ್ಲ. ಆದ್ರ ಅಲ್ಲಿ ಕುಂತು ಮೀನಿನ ಮ್ಯಾಲಿನ ನೊಣ ಹೊಡದಾಕಿ ನಾ."

ಸುಶ್ಮಿತಾ ಗಂಡನ ಮುಖ ನೋಡಿದಳು. ಗಂಡ ಗೋಡೆ ನೋಡಿದ.

ಆ ವಾರವೇ ಜೆಸಿಬಿ ಬಂದು ಚೌಕ ಅಗೆಯಿತು. ನೀರಿನ ಹೌದು ಒಡೆದರು. ಬೇವಿನ ಮರದ ಅರ್ಧ ಕೊಂಬೆ ಕಡಿದರು. ತಲೆಮಾರುಗಳ ಕಾಲ ನುಣುಪಾದ ಹಾಸುಗಲ್ಲುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದರು. ಅವು ಯಾರ ಅಂಗಳಕ್ಕೆ ಬಿದ್ದವೋ ಯಾರಿಗೂ ಗೊತ್ತಾಗಲಿಲ್ಲ. ಮಾರುವವರು ಚದುರಿದರು. ಜಯಮಾಲಾ ಸ್ಟೇಶನ್ ರಸ್ತೆಯ ಚರಂಡಿ ಪಕ್ಕ ಕುಳಿತಳು. ಬಿಸಿಲಿಗೆ ಮೀನು ಬೇಗ ಬಾಡುತ್ತಿದ್ದವು. ಅರ್ಧ ಬುಟ್ಟಿ ಹೊತ್ತು ತರುತ್ತಿದ್ದಳು. ಮನೆಯಲ್ಲಿ ಮೂರು ಹೊತ್ತೂ ಮೀನಿನ ಸಾರು. ಕೂಸು ತಾಟು ನೂಕತೊಡಗಿತು.

ಅತ್ತಿಗೆ ನಾದಿನಿಯರು ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದರು. ಒಬ್ಬಳು ತಿಕ್ಕಿಟ್ಟ ಪಾತ್ರೆಯನ್ನು ಇನ್ನೊಬ್ಬಳು ಮತ್ತೆ ತೊಳೆಯುತ್ತಿದ್ದಳು. ಬಸ್ಸಮ್ಮ ನಡುವೆ ಕುಳಿತು ಇಬ್ಬರಿಗೂ ಬೇರೆ ಬೇರೆಯಾಗಿ, "ಆಗ್ತದ, ಎಲ್ಲಾ ಸರಿ ಆಗ್ತದ" ಎನ್ನುತ್ತಿದ್ದಳು.

ಅಷ್ಟರಲ್ಲಿ ಅಂಬರೇಶನ ಎದೆಯ ಫೋಟೋ ತೆಗೆಸಿದರು. ಧೂಳಿನ ಕೆಲಸ ಬಿಡದಿದ್ದರೆ ಬಹಳ ದಿನ ನಡೆಯುವುದಿಲ್ಲ ಎಂದರು ಡಾಕ್ಟರು. ಅವನು ಅಲ್ಲಿಂದಲೇ ಒಂದು ಲೆಕ್ಕ ಹಾಕಿಕೊಂಡು ಬಂದ. ಆಂಧ್ರದಿಂದ ಮಂಜುಗಡ್ಡೆಯಲ್ಲಿಟ್ಟ ಬರ್ಫದ ಮೀನು ತರಿಸುವ ಆಸಿಮ ಎಂಬ ವ್ಯಾಪಾರಿ ಹೊಸ ಚೌಕದಲ್ಲಿ ಕಟ್ಟೆ ಹುಡುಕುತ್ತಿದ್ದ. ಮುಂಗಡವೂ ಕೊಡುತ್ತಾನೆ, ತಿಂಗಳ ಬಾಡಿಗೆಯೂ ಕೊಡುತ್ತಾನೆ.

ಕಟ್ಟೆ ಹಂಚುವ ಹಿಂದಿನ ದಿನ ಮಧ್ಯಾಹ್ನ, ಪುಂಡಿಪಲ್ಯ ರೊಟ್ಟಿ ಉಣ್ಣುತ್ತ, ಅಂಬರೇಶ ಈ ಮಾತು ಹೊರಹಾಕಿದ. ಜಯಮಾಲಾ ಉಣ್ಣುವುದನ್ನು ನಿಲ್ಲಿಸಿದಳು.

"ಮತ್ತ ನಾ ಎಲ್ಲಿ ಕುಂದ್ರಲೋ ತಮ್ಮಾ?"

"ಅಕ್ಕಾ, ನಿಂಗ ಮನ್ಯಾಗ ಉಣ್ಣಾಕ ತಿನ್ನಾಕ ಕಡಿಮಿ ಮಾಡ್ತೀವೇನು? ಕುಂದ್ರಲೇಬೇಕಂದ್ರ ಆಸಿಮಗ ಹೇಳ್ತೀನಿ, ಮೀನು ಹೆಚ್ಚಾಕ ಇಟ್ಕೋತಾನ. ಕೂಲಿ ಕೊಡ್ತಾನ."

"ನನ್ನ ಠಾವಿನ್ಯಾಗ ನಾ ಕೂಲಿ?"

"ನನ್ನ ಎದಿ ನೋಡು ಅಕ್ಕಾ!" ಎಂದವನೇ ಕೆಮ್ಮು ಹತ್ತಿ ಬಾಗಿದ. ಸುಶ್ಮಿತಾ ನೀರು ಕೊಟ್ಟು ಅವನ ಬೆನ್ನು ಸವರಿದಳು. ಅವಳ ಕಣ್ಣಲ್ಲಿ ನೀರಿತ್ತು. "ಅಕ್ಕಾ, ನಂಗ ಕಟ್ಟಿ ಮ್ಯಾಲ ಆಶಾ ಇಲ್ಲ. ಇವರು ಫ್ಯಾಕ್ಟರಿ ಬಿಡಬೇಕು, ಅಷ್ಟೇ. ನೀವೇ ಬ್ಯಾರೆ ಹಾದಿ ತೋರಸ್ರಿ, ಈಗೇ ಸಹಿ ಮಾಡ್ತೀನಿ."

"ಹಾದಿ ಅದ. ಕಟ್ಟಿ ನಂಗ ಬರ್ಕೊಡು. ಇಲ್ಲೀತನ ದುಡದದ್ದೆಲ್ಲಾ ಎಲ್ಲಿ ಕೊಟ್ಟೀನಿ? ಇದೇ ಮನಿಗಿ. ಇನ್ನ ಮುಂದನೂ ಕೊಡ್ತೀನಿ. ಇವ ನಾಳೇನೇ ಫ್ಯಾಕ್ಟರಿ ಬಿಡಲಿ, ನಾ ಸಾಕ್ತೀನಿ."

"ಮೂರು ದಿನ ಮೀನು ಬರ್ಲಿಲ್ಲಂದ್ರ?" ಎಂದ ಅಂಬರೇಶ. "ನಿಂಗ ನಾಳಿ ಜಡ್ಡು ಬಂದ್ರ? ಬಾಡಿಗಿ ಅಂದ್ರ ಕೂತಲ್ಲೇ ಬರ್ತದ."

ಜಯಮಾಲಾ ಅವ್ವನ ಕಡೆ ತಿರುಗಿ ಕುಳಿತಳು.

"ಅವ್ವಾ, ಠಾವು ನಿಂದು. ನಿಮ್ಮತ್ತಿ ನಿಂಗ ಕೊಟ್ಟದ್ದು. ನೀ ಒಂದು ಮಾತು ಹೇಳಿಬಿಡು, ಯಾರದು? ನೀ ಹೇಳಿದ್ರ ಇವರಿಬ್ಬರೂ ಮೀರಂಗಿಲ್ಲ."

ಅದು ಖರೆ. ಅಂಬರೇಶ ಕೂಡ ಅವ್ವನ ಬಾಯಿ ನೋಡುತ್ತಿದ್ದ. ಬಸ್ಸಮ್ಮ ರೊಟ್ಟಿಯ ಚೂರನ್ನು ಪಲ್ಯದಲ್ಲಿ ಅದ್ದಿದಳು, ತೆಗೆದಳು, ಮತ್ತೆ ಅದ್ದಿದಳು. ಮಗನ ಉಸಿರು ಸಿಳ್ಳೆ ಹೊಡೆಯುವುದು ಕೇಳಿಸುತ್ತಿತ್ತು. ಮಗಳು ಗಟ್ಟಿಮುಟ್ಟಾಗಿ ಎದುರಿಗೆ ಕುಳಿತಿದ್ದಳು.

"ಹೆಂಗರ ಮಾಡಿ ನೀ ಬದುಕ್ತೀದಿ ಜಯಾ, ಇವ ಬದುಕಂಗಿಲ್ಲ" ಎಂದಳು. ಅಲ್ಲಿಗೆ ನಿಲ್ಲಿಸಿದ್ದರೆ ಮಗಳು ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ನ್ಯಾಯ ಹೇಳಿದ ಹಾಗೆ ಕಾಣಲಿ ಎಂದು ಬಸ್ಸಮ್ಮ ಇನ್ನೊಂದು ಮಾತು ಸೇರಿಸಿದಳು: "ಮತ್ತ ನೀ ಎಷ್ಟಾದ್ರೂ ಕೊಟ್ಟ ಮಗಳವ್ವ. ಸೊಸಿ ಅಂದ್ರ ಮನಿಯಾಕಿ. ಠಾವು ಮನಿಯಾಕಿಗೇ ಹೋಗೂದು."

ಜಯಮಾಲಾ ತಾಟಿನಲ್ಲೇ ಕೈ ತೊಳೆದಳು.

"ಅಂಬರಾಯ ಕಾಕಾ ಸತ್ತ ದಿನ ನಾ ಏನಿದ್ದೆ ಅವ್ವಾ?"

ಬಸ್ಸಮ್ಮ ರೊಟ್ಟಿ ಮುರಿಯತೊಡಗಿದಳು.

"ಹೇಳು. ನಾ ಕೊಟ್ಟ ಮಗಳಂದಾಗ ಬುಟ್ಟಿ ಇಳಿಸ್ದಿ, ಈ ಮನಿ ಮಗಳಂದಿ. ಸೂತಕ ಹಿಡಿಯಾಕ ಮನಿ ಮಗಳು, ಠಾವು ಕೇಳಾಕ ಕೊಟ್ಟ ಮಗಳು. ಫೋನ್ ಕಸಗೊಂಡು ಉಡ್ಯಾಗ ಕಟ್ಕೊಂಡಾಕಿನೂ ನೀನೇ. ನಾ ಒಂದು ದಿನ ನಿನ್ನ ಮಾತು ಮೀರಿದ್ರ ಕಟ್ಟಿ ನಂದಿರ್ತಿತ್ತು. ಮೀರಿದಾಕಿಗಿ ಸಿಕ್ತು, ಕೇಳಿದಾಕಿಗಿ ಇಲ್ಲ."

"ಉಣ್ಣು ಮದ್ಲ. ರೊಟ್ಟಿ ಆರ್ತದ" ಎಂದಳು ಬಸ್ಸಮ್ಮ.

ಜಯಮಾಲಾ ಅತ್ತು ಕರೆದು ಮಾಡಲಿಲ್ಲ. ಟ್ರಂಕಿಗೆ ಸೀರೆಗಳನ್ನು ತುಂಬಿದಳು. ಮೀನು ಹೆಚ್ಚುವ ಈಳಿಗೆಯನ್ನು ಗೋಣಿಯಲ್ಲಿ ಸುತ್ತಿದಳು. ಸುಶ್ಮಿತಾ ಬಾಗಿಲಲ್ಲಿ ಅಡ್ಡ ನಿಂತು, "ಅಕ್ಕಾ, ಹಿಂಗ ಹೋಗಬ್ಯಾಡ್ರಿ, ಮಂದಿ ನನ್ನ ಮಾರಿಗಿ ಉಗುಳ್ತಾರ" ಎಂದಾಗ, ಅವಳ ಹೆಗಲ ಮೇಲೆ ಕೈಯಿಟ್ಟು ಬದಿಗೆ ಸರಿಸಿದಳು. "ನಿಂದೇನ್ ತಪ್ಪಿಲ್ಲ. ನೀ ಓಡಿ ಹೋಗಿ ಕುಂತಿ. ನಾ ಕುಂದರಲಿಲ್ಲ" ಎಂದಳು. ಅವ್ವನ ಕಡೆ ನೋಡದೆ ಹೊರಟಳು. ಲಾಲ್ ಅಹ್ಮದನ ಮನೆಯ ಹಿಂದೆ ತಗಡಿನ ಒಂದು ಕೋಣೆ ಬಾಡಿಗೆಗೆ ಹಿಡಿದಳಂತೆ ಎಂದು ಓಣಿಯವರಿಂದ ಗೊತ್ತಾಯಿತು.

ಹೊಸ ಚೌಕ ತೆರೆದು ಕೆಲವು ವಾರಗಳಾದ ಮೇಲೆ ಬಸ್ಸಮ್ಮ ಮಗನ ಕೈಹಿಡಿದು ಆಟೋದಲ್ಲಿ ಹೋಗಿ ನೋಡಿ ಬಂದಳು. ತಗಡಿನ ಚಪ್ಪರದ ಕೆಳಗೆ ಬಿಳಿ ಟೈಲ್ಸಿನ ಕಟ್ಟೆಗಳು. ತಮ್ಮ ನಂಬರು ಬರೆದ ಕಟ್ಟೆಯ ಮೇಲೆ ಬರ್ಫದ ರಾಶಿ, ಅದರೊಳಗೆ ಕಣ್ಣು ಬಿಳಿಚಿದ ಮೀನು. ಆಸಿಮ ಅವಳನ್ನು ಗುರುತಿಸಲಿಲ್ಲ.

"ಏನ್ ಬೇಕಮ್ಮಾ? ಕಟ್ಲಾ? ರೋಹು? ಹೊಳಿದು ಇಲ್ಲ ನೋಡ್ರಿ, ಎಲ್ಲಾ ಕೆರೀದು."

ಲಾಲ್ ಅಹ್ಮದನಿಗೆ ಕಟ್ಟೆ ದೂರದ ತುದಿಯಲ್ಲಿ ಸಿಕ್ಕಿತ್ತು. ಬಸ್ಸಮ್ಮ ಹೋಗಿ ಎದುರು ನಿಂತಾಗ ಅವನು, "ಕುಂದ್ರಿ ಅಕ್ಕಾ" ಎಂದ, ಬೆಳ್ಳುಳ್ಳಿ ಸಿಪ್ಪೆ ಊದಿ ಜಾಗ ಮಾಡಿದ. ಜಯಮಾಲಾಳ ಸುದ್ದಿಯನ್ನು ತಾನಾಗಿ ಎತ್ತಲಿಲ್ಲ. ಇವಳೇ ಕೇಳಿದಳು.

"ಛಲೋ ಇದ್ದಾಳ. ಬುಟ್ಟಿ ಹೊತ್ಕೊಂಡು ಓಣಿ ಓಣಿ ತಿರಗತಾಳ. ಹೊಳಿ ಮೀನು ಅಂದ್ರ ಮಂದಿ ಕಾಯ್ತಾರ."

"ನನ್ನ ಕೇಳ್ತಾಳೇನು?"

ಲಾಲ್ ಅಹ್ಮದ್ ಗಿರಾಕಿಯೊಬ್ಬನಿಗೆ ಶುಂಠಿ ತೂಗಿ ಕೊಟ್ಟ. ಚಿಲ್ಲರೆ ಎಣಿಸಿ ಕೊಟ್ಟ. ಆಮೇಲೆ ಬೆಳ್ಳುಳ್ಳಿಯ ರಾಶಿ ಸರಿಮಾಡತೊಡಗಿದ.

ಮುಂದಿನ ರವಿವಾರ ಬೆಳಿಗ್ಗೆ ಬಸ್ಸಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತು ಅಕ್ಕಿ ಹಸನು ಮಾಡುತ್ತಿದ್ದಾಗ ಓಣಿಯ ತುದಿಯಿಂದ ಕೂಗು ಕೇಳಿತು: "ಹೊಳಿ ಮೀನ್ ಬಂದಾವ್ರೀ, ಮೀನ್!" ಬೇರೆ ಯಾರ ದನಿಯೂ ಅಲ್ಲ. ಬಸ್ಸಮ್ಮ ಮೊರ ಕೆಳಗಿಟ್ಟಳು. ಗೋಡೆ ಹಿಡಿದು ಎದ್ದು ಒಳಗೆ ಹೋಗಿ ಮೀನು ಹಾಕಿಸಿಕೊಳ್ಳಲು ಒಂದು ಡಬರಿ ತಂದಳು. ತಲೆಯ ಸೆರಗು ಸರಿಮಾಡಿಕೊಂಡು ಹೊಸ್ತಿಲಲ್ಲಿ ನಿಂತಳು. ಏನು ಮಾತಾಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಮೊದಲು ಮರಲ್ ಮೀನು ಇದೆಯೇ ಎಂದು ಕೇಳುವುದು. ಆಮೇಲೆ ಒಳಗೆ ಬಾ, ಒಂದು ಗುಟುಕು ಚಹಾ ಕುಡಿ ಎನ್ನುವುದು.

ಕೂಗು ಮೂರು ಮನೆ ಆಚೆ ಬಂತು, ಎರಡು ಮನೆ ಆಚೆ ಬಂತು. ಬಾಜು ಮನೆಯವಳು ಚೌಕಾಸಿ ಮಾಡುವುದೂ, ಜಯಮಾಲಾ ನಗುವುದೂ ಕೇಳಿಸಿತು. ಆಮೇಲೆ ಕೂಗು ನಿಂತಿತು. ಬುಟ್ಟಿ ಹೊತ್ತ ಜಯಮಾಲಾ ಬಿರಬಿರನೆ ನಡೆಯುತ್ತ ಈ ಬಾಗಿಲ ಮುಂದೆ ಬಂದಳು. ಕೊರಳು ನೆಟ್ಟಗೆ, ಕಣ್ಣು ಹಾದಿಯ ಮೇಲೆ. ಹೊಸ್ತಿಲಲ್ಲಿ ನಿಂತವಳು "ಜಯಾ" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ದಾಟಿ ಹೋಗಿದ್ದಳು. ಆಚೆ ಮನೆಯ ಮುಂದೆ ಮುಟ್ಟಿದ ಮೇಲೆ ಕೂಗು ಮತ್ತೆ ಎದ್ದಿತು.

ಒಳಗಿನಿಂದ ಸುಶ್ಮಿತಾ ಕೇಳಿದಳು: "ಅತ್ತಿ, ಅಕ್ಕನ ದನಿ ಕೇಳ್ದಂಗಾಯ್ತು. ಮೀನ್ ತಗೊಂಡ್ರೇನ್ರಿ?"

ಬಸ್ಸಮ್ಮ ಖಾಲಿ ಡಬರಿಯನ್ನು ಮೊರದ ಪಕ್ಕ ಇಟ್ಟು ಕುಳಿತುಕೊಂಡಳು. ಕೂಗು ಇನ್ನೂ ಓಣಿಯಲ್ಲೇ ಇತ್ತು.

"ಇಲ್ಲವ್ವ" ಎಂದಳು. "ಮೀನ್ ಮುಗಿದಿದ್ವಂತ."